ಬೇರೆ ಪಂಕ್ತಿಯ ಬಹುಮಾನ

ನ್ಯೂಯಾರ್ಕ್ ನಗರದಲ್ಲಿ ‘ಇಪ್ಪೀಸ್’ ಎಂಬ ಪತ್ರಿಕಾ ಬಹುಮಾನಗಳು ಹುಟ್ಟಿ ಎಷ್ಟೋ ವರ್ಷಗಳಾದವು. ಸ್ವತಂತ್ರ ಸಣ್ಣ ಪತ್ರಿಕೆಗಳ ಒಂದು ಸಂಘ ಅವನ್ನು ಆರಂಭಿಸಿತು. ಮುಂದೆ ಅಲ್ಲಿಯ ನಗರ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ ಅವನ್ನು ವಹಿಸಿಕೊಂಡಿತು. ಈ ಬಹುಮಾನ ದೊಡ್ಡ ಇಂಗ್ಲಿಷ್ ದೈನಿಕಗಳಿಗೆ ಅಲ್ಲ. ವಲಸೆ ಬಂದ ಜನ ತಮ್ಮ ತಮ್ಮ ಭಾಷೆಯಲ್ಲಿ ನಡೆಸುವ ಬಂಗಾಳಿ, ಉರ್ದು, ಚೀನೀ, ಸ್ಪ್ಯಾನಿಷ್, ಪೋಲಿಷ್, ರಷ್ಯನ್ ಪತ್ರಿಕೆಗಳಿಗೆ. ಕರಿಯ ಜನಾಂಗದವರ ವಾರಪತ್ರಿಕೆಗಳಿಗೆ. ಒಂದೊಂದು ಕೇರಿಯ ಸುದ್ದಿಯನ್ನಷ್ಟೆ ಹೊತ್ತು ಬರುವ ನಾಲ್ಕು ಪುಟದ ಹಾಳೆಗಳಿಗೆ. ಕ್ಯಾಲಿಫೋರ್ನಿಯಾದಲ್ಲಿಯೂ ಇಂಥ ಬಹುಮಾನಗಳು ನಡೆದಿವೆ. ‘ನ್ಯೂ ಅಮೆರಿಕ ಮೀಡಿಯ’ ಎಂಬ ಸಂಸ್ಥೆ ದೇಶದ ಇಂಥ ಪತ್ರಿಕೆಗಳನ್ನೆಲ್ಲ ಒಂದು ಚಪ್ಪರದ ಕೆಳಗೆ ಕೂಡಿಸಿ, ಒಳ್ಳೆಯ ಬರೆಹಕ್ಕೆ ವರ್ಷ ವರ್ಷವೂ ಮನ್ನಣೆ ಕೊಡುತ್ತಿತ್ತು.

ಗಿರಣಿಯ ಸೈರನ್ನು ಕೇಳಿ ಓಡುವ ನಮ್ಮ ವಾಚಕರು, ಹೊತ್ತು ಮೂಡುವ ಮೊದಲೇ ಅಂಗಡಿಯ ಬಾಗಿಲು ತೆಗೆಯುವ ನಮ್ಮ ವಾಚಕರು, “ಆ ಊರಿನ ಶಾಲು ಹಾರ ನಮಗೇಕೆ ಸ್ವಾಮಿ?” ಎಂದು ಕೇಳಿಯಾರು. ನ್ಯಾಯವಾದ ಪ್ರಶ್ನೆ. ನಮ್ಮ ಉತ್ತರ ಇಷ್ಟೆ: ಆ ಪತ್ರಿಕೆಗಳನ್ನು ಓದುವವರು ನಿಮ್ಮಂಥವರೇ. ಟ್ಯಾಕ್ಸಿ ಓಡಿಸುವ ಬಂಗಾಳಿ, ಹೋಟೆಲಿನ ಹಿಂದುಗಡೆ ತಟ್ಟೆ ತೊಳೆಯುವ ಮೆಕ್ಸಿಕೋದವನು, ಹೊಲಿಗೆ ಕಾರ್ಖಾನೆಯ ಚೀನೀ ಹೆಂಗಸು, ಮೂಲೆಯಲ್ಲಿ ಬೀಡಿ ಸಿಗರೇಟು ಹಾಲು ಮಾರುವ ಯೆಮೆನ್ ದೇಶದ ಅಂಗಡಿಕಾರ. ಇವರ ಕೂಲಿ, ಬಾಡಿಗೆ, ಪರವಾನಗಿ, ಪೋಲೀಸರ ಕಾಟ ಇವು ದೊಡ್ಡ ಪತ್ರಿಕೆಗಳಿಗೆ ಸುದ್ದಿಯಲ್ಲ. ಇವರ ಪತ್ರಿಕೆಗೆ ಅದೇ ಸುದ್ದಿ.

ಇಂಥ ಪತ್ರಿಕೆಗಳಿಗೆಂದೇ ಪ್ರತ್ಯೇಕ ಬಹುಮಾನ ಇಡುವುದು ಸರಿಯೇ? ನಮ್ಮ ಕಡೆ ಸಮಾರಾಧನೆಗಳಲ್ಲಿ ಪಂಕ್ತಿಭೇದ ನಡೆಯುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಅಡಿಗೆ ಒಂದೇ, ಎಲೆಯೂ ಒಂದೇ, ಕೂರಿಸುವ ಜಾಗ ಮಾತ್ರ ಬೇರೆ. ಇದೂ ಹಾಗೆಯೇ ಏನು? “ನಿಮಗೂ ಒಂದು ಬಹುಮಾನ ಉಂಟಪ್ಪ, ಆದರೆ ಅಗೋ ಆ ಹಿತ್ತಲ ಪಂಕ್ತಿಯಲ್ಲಿ” ಎಂದು ಹೇಳಿದಂತೆ ಆಗುವುದಿಲ್ಲವೇ? ನಾವು ಈ ಶಂಕೆಯನ್ನು ಹಗುರಾಗಿ ತಳ್ಳಿಹಾಕುವವರಲ್ಲ.

ಒಳಗಿನ ಪಂಕ್ತಿಯ ಬಹುಮಾನ ಯಾವುದೆಂದು ವಾಚಕರಿಗೆ ಗೊತ್ತೇ ಇದೆ, ಪುಲಿಟ್ಜರ್ ಬಹುಮಾನ. ಇದರಲ್ಲೊಂದು ಸ್ವಾರಸ್ಯವಿದೆ. ಈ ಪುಲಿಟ್ಜರ್ ಎಂಬಾತ ಹುಟ್ಟು ಅಮೆರಿಕನ್ನನಲ್ಲ. 1847ರಲ್ಲಿ ಹಂಗೆರಿಯ ಮಾಕೋ ಎಂಬ ಊರಿನಲ್ಲಿ ಹುಟ್ಟಿ, 1864ರಲ್ಲಿ ಅಲ್ಲಿಯ ಅಂತರ್ಯುದ್ಧಕ್ಕೆ ಸಿಪಾಯಿಯಾಗಿ ಹಡಗು ಹತ್ತಿ ಬಂದವನು. ಇಂಗ್ಲಿಷ್ ನೆಟ್ಟಗೆ ಬರುತ್ತಿರಲಿಲ್ಲ. 1868ರಲ್ಲಿ ಸೇಂಟ್ ಲೂಯಿ ಊರಿನ ‘ವೆಸ್ಟ್‌ಲಿಖೆ ಪೋಸ್ಟ್’ ಎಂಬ ಜರ್ಮನ್ ಭಾಷೆಯ ಪತ್ರಿಕೆಯಲ್ಲಿ ಬಾತ್ಮೀದಾರನಾಗಿ ಸೇರಿದ. ಅಂದರೆ ಅಮೆರಿಕದ ಅತಿ ದೊಡ್ಡ ಪತ್ರಿಕಾ ಬಹುಮಾನಕ್ಕೆ ಯಾರ ಹೆಸರಿದೆಯೋ ಆತನೇ ವಲಸೆಗಾರರ ಪತ್ರಿಕೆಯಲ್ಲಿ ಕಸುಬು ಕಲಿತವನು! 1917ರಿಂದ ಅವನ ಹೆಸರಿನ ಬಹುಮಾನ ಕೊಡುತ್ತ ಬಂದರು. ಆದರೆ ಅವನು ಹತ್ತಿ ಬಂದ ಏಣಿಯ ಕಡೆಗೆ ಬಹುಮಾನದ ಕಣ್ಣು ಹೊರಳಿದ್ದು ಅಪರೂಪ.

ಎಷ್ಟು ಅಪರೂಪವೆಂಬುದಕ್ಕೆ ಒಂದು ದೃಷ್ಟಾಂತ. ಚಿಲ್ಲರೆ ವ್ಯಾಪಾರಿಗಳು ಇದನ್ನು ಮನಸ್ಸಿಟ್ಟು ಓದಬೇಕು, ಏಕೆಂದರೆ ಇದು ಒಂದು ಕಿರಾಣಿ ಅಂಗಡಿಯ ಕಥೆ.

ಟೆನೆಸಿ ಸಂಸ್ಥಾನದ ಮೆಂಫಿಸ್ ಊರಿನ ಹೊರವಲಯದಲ್ಲಿ ಕರಿಯ ಜನ ಕೂಡಿ ಒಂದು ಅಂಗಡಿ ತೆರೆದರು. ಹೆಸರು ‘ಪೀಪಲ್ಸ್ ಗ್ರೋಸರಿ’, ಜನರ ಅಂಗಡಿ. ಅಲ್ಲಿಯವರೆಗೆ ಆ ಕೇರಿಯ ಗಿರಾಕಿಯೆಲ್ಲ ಎದುರಿನ ಬಿಳಿಯ ವ್ಯಾಪಾರಿಯ ಪಾಲಾಗಿತ್ತು. ಹೊಸ ಅಂಗಡಿ ಬಂದಮೇಲೆ ಅವನ ವ್ಯಾಪಾರ ಇಳಿಯಿತು. ಮಕ್ಕಳ ಗೋಲಿಯಾಟದ ಜಗಳದಿಂದ ಆರಂಭವಾದ ತಂಟೆ ಕೈಕೈ ಮಿಲಾಯಿಸುವವರೆಗೆ ಬೆಳೆಯಿತು. ಅಂಗಡಿಗೆ ಸೇರಿದ ಮೂವರನ್ನು ಸೆರೆಮನೆಗೆ ಹಾಕಿದರು. 1892ರ ಮಾರ್ಚಿ 9ರ ಬೆಳಗಿನ ಜಾವ ಒಂದು ಗುಂಪು ಸೆರೆಮನೆಯಿಂದ ಆ ಮೂವರನ್ನೂ ಎಳೆದೊಯ್ದು ಕೊಂದಿತು. ಅವರಲ್ಲೊಬ್ಬ, ಥಾಮಸ್ ಮಾಸ್, ಅಂಚೆ ಹಂಚುವ ನೌಕರ. ಅದೇ ಅಂಗಡಿಯ ಪಾಲುದಾರ.

ಅದೇ ಊರಿನಲ್ಲಿ ‘ಫ್ರೀ ಸ್ಪೀಚ್’ ಎಂಬ ಒಂದು ಸಣ್ಣ ಪತ್ರಿಕೆ ಇತ್ತು. ಅದರ ಒಡತಿಯರಲ್ಲೊಬ್ಬಳೂ ಸಂಪಾದಕಿಯೂ ಆಗಿದ್ದವಳು ಐಡಾ ವೆಲ್ಸ್, 1862ರಲ್ಲಿ ಗುಲಾಮರ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು. ಮಾಸನ ಮನೆಯವರು ಅವಳಿಗೆ ಆಪ್ತರು. ದೊಡ್ಡ ಪತ್ರಿಕೆಗಳು ಇಂಥ ಕೊಲೆಗಳನ್ನೆಲ್ಲ ಹೆಂಗಸರ ಮಾನದ ರಕ್ಷಣೆಯೆಂದು ಬಣ್ಣಿಸುತ್ತಿದ್ದ ಕಾಲದಲ್ಲಿ, ಇದು ವ್ಯಾಪಾರದ ಹೊಟ್ಟೆಕಿಚ್ಚು, ಕರಿಯರನ್ನು ತಲೆಯೆತ್ತಗೊಡದಿರುವ ಹೂಟ ಎಂದು ಅವಳು ಬರೆದಳು. ಕೇಳಿ ಬರೆದದ್ದಲ್ಲ, ಪ್ರಕರಣ ಪ್ರಕರಣವಾಗಿ ವಿಚಾರಿಸಿ, ಲೆಕ್ಕ ಹಾಕಿ ಬರೆದದ್ದು. ಮೇ ತಿಂಗಳಲ್ಲಿ ಅವಳು ಪರಊರಿಗೆ ಹೋಗಿದ್ದಾಗ ಗುಂಪು ಕಟ್ಟಿಬಂದು ಪತ್ರಿಕೆಯ ಕಚೇರಿಯನ್ನು ಪುಡಿ ಮಾಡಿದರು. ಊರಿಗೆ ಮರಳಿದರೆ ಜೀವ ಉಳಿಯದೆಂಬ ಬೆದರಿಕೆ ಬಂತು. ಅವಳು ನ್ಯೂಯಾರ್ಕಿನ ಇನ್ನೊಂದು ಕರಿಯರ ಪತ್ರಿಕೆಯಲ್ಲಿ ಬರೆಯುತ್ತ ಹೋದಳು. 1931ರಲ್ಲಿ ತೀರಿಕೊಂಡಳು. ಪುಲಿಟ್ಜರ್ ಮಂಡಲಿ ಅವಳಿಗೆ ವಿಶೇಷ ಮನ್ನಣೆ ಘೋಷಿಸಿದ್ದು 2020ರಲ್ಲಿ. ಸತ್ತ 89 ವರ್ಷಗಳ ಮೇಲೆ! ಶ್ರಾದ್ಧಕ್ಕಾದರೂ ಇದಕ್ಕಿಂತ ಬೇಗ ಎಡೆ ಇಡುತ್ತಾರೆ.

ಬೇರೆ ಪಂಕ್ತಿಯ ಬಹುಮಾನ ಏಕೆ ಹುಟ್ಟಿತೆಂದು ಇನ್ನು ವಿವರಿಸಬೇಕಾದದ್ದಿಲ್ಲ. ಒಳಗೆ ಕರೆಯದಿದ್ದವರು ತಾವೇ ಒಲೆ ಹೂಡಿ ಅಡಿಗೆ ಮಾಡಿಕೊಂಡರು. ಅದನ್ನು ಪಂಕ್ತಿಭೇದವೆಂದು ದೂರುವುದು ಒಳಗೆ ಕುಳಿತವರ ಬಾಯಲ್ಲಿ ಶೋಭಿಸುವ ಮಾತಲ್ಲ.

ಆದರೆ ಬಹುಮಾನ ಬಂದ ಮಾತ್ರಕ್ಕೆ ಪತ್ರಿಕೆ ಬದುಕುವುದೇ? ಇಲ್ಲಿ ನಮ್ಮ ಅಭಿಪ್ರಾಯ ಉತ್ಸವ ನಡೆಸುವವರಿಗಿಂತ ಸ್ವಲ್ಪ ಬೇರೆ. ಪತ್ರಿಕೆ ಯಾರ ದುಡ್ಡಿನಿಂದ ಬದುಕುವುದೆಂಬುದನ್ನು ಮೊದಲು ನೋಡಬೇಕು.

ನ್ಯೂಯಾರ್ಕಿನಲ್ಲಿ 1897ರಲ್ಲಿ ‘ಫಾರ್ವರ್ಟ್ಸ್’ ಎಂಬ ದೈನಿಕ ಹುಟ್ಟಿತು. ಪೂರ್ವ ಯೂರೋಪಿನಿಂದ ಬಂದ ಬಡ ಯಹೂದಿಗಳ ಯಿದ್ದಿಷ್ ಭಾಷೆಯ ಪತ್ರಿಕೆ, ಸಮಾಜವಾದಿ ಪತ್ರಿಕೆ. ಸಂಪಾದಕ ಅಬ್ರಹಾಂ ಕಾಹನ್. ಓದುಗರೆಲ್ಲ ಹೊಲಿಗೆ ಕಾರ್ಖಾನೆಯ ಕೆಲಸಗಾರರು, ತಳ್ಳುಗಾಡಿಯ ವ್ಯಾಪಾರಿಗಳು. ಕಾಹನ್ 1906ರಲ್ಲಿ ಒಂದು ಕೆಲಸ ಮಾಡಿದ. ಓದುಗರು ಬರೆದ ಕಾಗದಗಳನ್ನು ಅಚ್ಚು ಹಾಕಿ ಅವಕ್ಕೆ ಉತ್ತರ ಕೊಡುವ ಒಂದು ಅಂಕಣ ತೆರೆದ. ಗಂಡ ಬಿಟ್ಟುಹೋದವಳು, ಊರಿನ ತಾಯಿಗೆ ಹಣ ಕಳಿಸಲಾರದ ಮಗ, ಮೇಸ್ತ್ರಿಯ ಕೈ ಸಹಿಸಲಾರದ ಹುಡುಗಿ, ಮುಷ್ಕರ ಮುರಿದು ಈಗ ನಾಚಿಕೆಪಡುವವನು ಎಲ್ಲರೂ ಬರೆದರು. ಬರೆಯಲು ಬಾರದವರು ಬೇರೆಯವರಿಂದ ಬರೆಸಿದರು. ನಮ್ಮ ಅನುಭವದಲ್ಲಿ ಓದುಗ ಪತ್ರಿಕೆಯನ್ನು ಹಿಡಿದುಕೊಳ್ಳುವುದು ಅಗ್ರಲೇಖನಕ್ಕಾಗಿ ಅಲ್ಲ (ನಮ್ಮದಕ್ಕಂತೂ ಅಲ್ಲವೇ ಅಲ್ಲ). ತನ್ನ ಮನೆಯ ಮಾತು ಅದರಲ್ಲಿ ಅಚ್ಚಾಗಿ ಬಂದಾಗ.

1911ರ ಮಾರ್ಚಿ 25ರಂದು ಅದೇ ಊರಿನ ಟ್ರಯಾಂಗಲ್ ಎಂಬ ಉಡುಪಿನ ಕಾರ್ಖಾನೆಗೆ ಬೆಂಕಿ ಬಿತ್ತು. ಹೊರಗೆ ಹೋಗುವ ಒಂದು ಬಾಗಿಲಿಗೆ ಬೀಗ ಹಾಕಿದ್ದರು. 146 ಮಂದಿ ಸತ್ತರು. ಬಹುಮಂದಿ ಯಹೂದಿ ಮತ್ತು ಇಟಾಲಿಯನ್ ಹುಡುಗಿಯರು, ಇನ್ನೂ ಇಪ್ಪತ್ತರ ಆಸುಪಾಸಿನವರು. ಇಡೀ ನಗರ ಆ ದಿನ ಮರುಗಿತು, ನಿಜ. ಆದರೆ ಸತ್ತ ಹುಡುಗಿಯರ ಮನೆಗಳಲ್ಲಿ ಆ ಸುದ್ದಿಯನ್ನು ಅವರ ಮನೆಮಾತಿನಲ್ಲಿ ಓದಿ ಹೇಳಿದ್ದು ಯಿದ್ದಿಷ್ ಪತ್ರಿಕೆಗಳು. ಕಾರ್ಖಾನೆಯ ಸ್ಥಿತಿ, ಕೂಲಿ, ಸಂಘ, ಮುಷ್ಕರ ಇವುಗಳ ಸುದ್ದಿಯನ್ನು ಆ ಜನ ಬೆಂಕಿಗೆ ಮೊದಲೂ ಓದುತ್ತಿದ್ದದ್ದು ಅಲ್ಲಿಯೇ.

ಈ ‘ಫಾರ್ವರ್ಟ್ಸ್’ಗೆ ಯಾರೂ ಶಾಲು ಹೊದಿಸಲಿಲ್ಲ. ಕೆಲಸಗಾರರು ದಿನಾಲು ಕೊಟ್ಟ ಕಾಸಿನಿಂದ ಅದು ಈಸ್ಟ್ ಬ್ರಾಡ್‌ವೇ ಬೀದಿಯಲ್ಲಿ ಹತ್ತು ಅಂತಸ್ತಿನ ಕಟ್ಟಡ ಎಬ್ಬಿಸಿತು. ಬಾಗಿಲ ಮೇಲುಗಡೆ ಮಾರ್ಕ್ಸ್, ಎಂಗೆಲ್ಸ್ ಮುಂತಾದವರ ಮುಖಗಳನ್ನು ಕೆತ್ತಿಸಿತು. ಬಂಡವಾಳದ ರಾಜಧಾನಿಯ ಎದೆಯ ಮೇಲೆಯೇ! ಅದರಲ್ಲಿ ಬರೆಯುತ್ತಿದ್ದ ಐಸಾಕ್ ಬಷೇವಿಸ್ ಸಿಂಗರನಿಗೆ 1978ರಲ್ಲಿ ನೋಬೆಲ್ ಬಹುಮಾನ ಬಂತು. ಅವನ ಕಥೆ ಕಾದಂಬರಿಗಳು ಆ ಪತ್ರಿಕೆಯ ಪುಟಗಳಲ್ಲಿ ದಶಕಗಳ ಕಾಲ ಬಂದಿದ್ದವು. ಆದರೆ ಇಂಗ್ಲಿಷಿನ ದೊಡ್ಡ ಸಾಹಿತಿಗಳ ಮನೆಗೆ ಅವನು ಹೊಕ್ಕದ್ದು 1953ರಲ್ಲಿ, ಸಾಲ್ ಬೆಲ್ಲೋ ಅವನ ಒಂದು ಕಥೆಯನ್ನು ಇಂಗ್ಲಿಷಿಗೆ ತಂದ ಮೇಲೆ. ಅನುವಾದದ ಈ ಮಾತಿಗೆ ನಾವು ಮತ್ತೆ ಬರುತ್ತೇವೆ.

ಆ ಪತ್ರಿಕೆಯ ಅಚ್ಚು 2019ರಲ್ಲಿ ನಿಂತಿತು. ಈಗ ಅಂತರಜಾಲದಲ್ಲಿ ಮಾತ್ರ ಬರುತ್ತದೆ. ಕಟ್ಟಡ ಅದಕ್ಕೆ ಎಷ್ಟೋ ಮೊದಲೇ ಕೈಬಿಟ್ಟು ಹೋಗಿ, ಹಣವಂತರ ವಾಸದ ಮನೆಗಳಾಗಿ ಮಾರಾಟವಾಯಿತು. ಓದುಗರ ಮಕ್ಕಳು ಇಂಗ್ಲಿಷ್ ಕಲಿತರು, ಬೇರೆ ಕಸುಬು ಹಿಡಿದರು, ಕೇರಿ ಬಿಟ್ಟರು. ಪತ್ರಿಕೆ ಸೋತಿತೆಂದು ಇದಕ್ಕೆ ಹೇಳಬೇಕೋ, ಕೆಲಸ ಮುಗಿಸಿತೆಂದು ಹೇಳಬೇಕೋ ನಾವು ತೀರ್ಮಾನಿಸಲಾರೆವು.

ಓದುಗರ ಕಾಸಿನಿಂದಲೇ ನಡೆದ ಇನ್ನೊಂದು ಪತ್ರಿಕೆ ನಮ್ಮವರದ್ದೇ. ಅಮೆರಿಕದ ಪಶ್ಚಿಮ ಕರಾವಳಿಯ ಓರೆಗಾನಿನಲ್ಲಿ ಮರ ಕೊಯ್ಯುವ ಗಿರಣಿಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳು, ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳು ಕೂಲಿಯಲ್ಲಿ ಮಿಗಿಸಿದ ದುಡ್ಡು ಹಾಕಿ 1913ರ ನವೆಂಬರ್ 1ರಂದು ಸಾನ್ ಫ್ರಾನ್ಸಿಸ್ಕೋ ಊರಿನಿಂದ ‘ಗದರ್’ ಪತ್ರಿಕೆ ಹೊರಡಿಸಿದರು. ಮೊದಲು ಉರ್ದು, ಮುಂದಿನ ತಿಂಗಳು ಗುರುಮುಖಿ. ಲಾಲಾ ಹರದಯಾಳ್ ಬರೆಯುತ್ತಿದ್ದರು. ಕರ್ತಾರ್ ಸಿಂಗ್ ಸರಾಭಾ ಎಂಬ ಹುಡುಗ ಅಚ್ಚಿನ ಯಂತ್ರವನ್ನು ಕೈಯಿಂದಲೇ ತಿರುಗಿಸುತ್ತಿದ್ದ. ಪತ್ರಿಕೆಯ ಪ್ರತಿಗಳು ಹಡಗು ಹಡಗಾಗಿ, ಭಾರತೀಯರು ಇದ್ದ ದೇಶಗಳಿಗೆಲ್ಲ ಹೋದವು. ಇಂಗ್ಲಿಷ್ ಸರಕಾರ ಆ ಪತ್ರಿಕೆಗೆ ಕೊಟ್ಟ ಬಹುಮಾನವೆಂದರೆ, 1915ರ ನವೆಂಬರ್ 16ರಂದು ಲಾಹೋರಿನ ಸೆರೆಮನೆಯಲ್ಲಿ ಸರಾಭಾನನ್ನು ಗಲ್ಲಿಗೇರಿಸಿದ್ದು. ಅವನಿಗೆ 19 ವರ್ಷ.

ಇಷ್ಟು ಹಿಂದಿನದನ್ನು ಹೇಳಿದ್ದೇಕೆಂದರೆ, ಇವತ್ತಿನ ಬಹುಮಾನಗಳನ್ನು ಅಳೆಯಲು ಒಂದು ಮೊಳಕೋಲು ಬೇಕಷ್ಟೆ.

2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಎರಡು ಗೋಪುರಗಳನ್ನು ಉರುಳಿಸಿದ ಮೇಲೆ ಅಲ್ಲಿಯ ಸರಕಾರ ಮುಸಲ್ಮಾನ ವಲಸೆಗಾರರನ್ನು ಹಿಡಿಹಿಡಿದು ಒಳಗೆ ಹಾಕಿತು. ಅಲ್ಲಿಯ ನ್ಯಾಯ ಇಲಾಖೆಯ ತನಿಖಾಧಿಕಾರಿಯೇ 2003ರಲ್ಲಿ ಕೊಟ್ಟ ವರದಿ 762 ಮಂದಿಯನ್ನು ಹೀಗೆ ಹಿಡಿದಿಟ್ಟ ರೀತಿಯನ್ನು ವಿಮರ್ಶಿಸಿತು. ಎಷ್ಟೋ ಮನೆಗಳಿಗೆ ತಮ್ಮವರು ಎಲ್ಲಿದ್ದಾರೆಂಬುದೇ ತಿಳಿಯಲಿಲ್ಲ. ಬ್ರೂಕ್ಲಿನ್ನಿನ ಪಾಕಿಸ್ತಾನಿ ಕೇರಿಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ಮನೆಗಳ ಸಂಕಟ ಉರ್ದು ವಾರಪತ್ರಿಕೆಗಳಲ್ಲಿ ಬರುತ್ತಿತ್ತು. ಆದರೆ ಉರ್ದು ಬಾರದ ನ್ಯಾಯಾಧೀಶ, ಉರ್ದು ಬಾರದ ವಕೀಲ, ಉರ್ದು ಬಾರದ ಪಕ್ಕದ ಮನೆಯವ ಅದನ್ನು ಓದುವುದು ಹೇಗೆ? ಆಗ ‘ಇಪ್ಪೀಸ್’ ಬಹುಮಾನದ ಆ ಸಂಘ ಒಂದು ಉಪಾಯ ಹೂಡಿತು. ಇಂಥ ಪತ್ರಿಕೆಗಳ ಆಯ್ದ ಬರೆಹಗಳನ್ನು ಇಂಗ್ಲಿಷಿಗೆ ಅನುವಾದಿಸಿ ಹಂಚತೊಡಗಿತು. ಬಹುಮಾನದ ಫಲಕಕ್ಕಿಂತ ಈ ಅನುವಾದದ ಕೆಲಸ ಹೆಚ್ಚು ಬೆಲೆಯುಳ್ಳದ್ದು ಎಂಬುದು ನಮ್ಮ ಖಂಡಿತ ಅಭಿಪ್ರಾಯ. ಬಹುಮಾನದ ತೀರ್ಪುಗಾರರ ಮಟ್ಟಿಗೂ ಅಷ್ಟೆ. ಬಂಗಾಳಿ ಬಾರದವನು ಬಂಗಾಳಿ ಬರೆಹಕ್ಕೆ ಅಂಕ ಹಾಕಬೇಕಾದರೆ ಯಾರೋ ಅನುವಾದ ಮಾಡಿಕೊಡಲೇಬೇಕು. ಇಬ್ಬರೇ ಸೇರಿ ಸಂಪಾದಕ, ಬಾತ್ಮೀದಾರ, ಗುಮಾಸ್ತ, ಹಂಚುವ ಹುಡುಗ ಎಲ್ಲ ಆಗಿರುವ ಪತ್ರಿಕೆಗೆ ಅನುವಾದಕ್ಕೆ ಪುರಸತ್ತೆಲ್ಲಿ? ಒಳ್ಳೆಯ ಬರೆಹ ಬರೆದವನಿಗಿಂತ ಒಳ್ಳೆಯ ಅರ್ಜಿ ಬರೆದವನಿಗೆ ಬಹುಮಾನ ಹೋಗುವ ಅಪಾಯ ಇದರಲ್ಲಿ ಇದ್ದೇ ಇದೆ.

ಅಪಾಯವೆಂಬ ಮಾತು ಬಂದಾಗ ಚೌನ್ಸಿ ಬೇಲಿಯನ್ನು ನೆನೆಯದೆ ಮುಂದೆ ಹೋಗಲಾರೆವು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಊರಿನ ‘ಓಕ್‌ಲ್ಯಾಂಡ್ ಪೋಸ್ಟ್’ ಎಂಬ ಕರಿಯರ ವಾರಪತ್ರಿಕೆಯ ಸಂಪಾದಕ ಅವನು. ತನ್ನದೇ ಜನಾಂಗದ, ಊರಲ್ಲಿ ದೊಡ್ಡ ಹೆಸರಿದ್ದ ಒಂದು ಬೇಕರಿಯ ಹಣಕಾಸಿನ ಗೋಲ್‌ಮಾಲನ್ನು ಬಯಲಿಗೆಳೆಯಲು ಹೊರಟಿದ್ದ. 2007ರ ಆಗಸ್ಟ್ 2ರ ಬೆಳಿಗ್ಗೆ ಕಚೇರಿಗೆ ನಡೆದು ಹೋಗುತ್ತಿದ್ದಾಗ ನಡುಬೀದಿಯಲ್ಲಿ ಗುಂಡಿಟ್ಟು ಕೊಂದರು. ಆಗ ದೊಡ್ಡ ಪತ್ರಿಕೆ, ಸಣ್ಣ ಪತ್ರಿಕೆ, ರೇಡಿಯೋ, ವಿದ್ಯಾರ್ಥಿಗಳು ಎಲ್ಲರೂ ಒಟ್ಟುಗೂಡಿ ಅವನು ಬಿಟ್ಟುಹೋದ ತನಿಖೆಯನ್ನು ಮುಂದುವರಿಸಿದರು; ‘ನ್ಯೂ ಅಮೆರಿಕ ಮೀಡಿಯ’ವೂ ಅದರಲ್ಲಿ ಸೇರಿತ್ತು. 2011ರಲ್ಲಿ ಕೊಲೆಗೆ ಆಜ್ಞೆ ಕೊಟ್ಟವನಿಗೂ ಶಿಕ್ಷೆಯಾಯಿತು. ಅಲ್ಲಿ ಒಂದು ಸಲವಾದರೂ ಒಂದೇ ಪಂಕ್ತಿ ಆಯಿತು. ಆದರೆ ಎಲೆಯ ಮುಂದೆ ಕೂರಬೇಕಾದವನು ಇರಲಿಲ್ಲ.

ಬಹುಮಾನ ಹಂಚುತ್ತಿದ್ದ ಆ ‘ನ್ಯೂ ಅಮೆರಿಕ ಮೀಡಿಯ’ದ ಗತಿ ಏನಾಯಿತು? 1996ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾಗಿ ದೇಶದ ತುಂಬ ಹಬ್ಬಿದ ಆ ಸಂಸ್ಥೆ 2017ರಲ್ಲಿ ಬಾಗಿಲು ಮುಚ್ಚಿತು. ದೊಡ್ಡ ದೊಡ್ಡ ಧರ್ಮನಿಧಿಗಳ ಅನುದಾನದ ಮೇಲೆ ನಿಂತಿತ್ತು; ಅನುದಾನ ಸಾಲದಾಯಿತು. ಬಹುಮಾನ ಪಡೆದ ಎಷ್ಟೋ ಪತ್ರಿಕೆಗಳು ಇನ್ನೂ ನಡೆದಿರುವಾಗ ಬಹುಮಾನ ಕೊಟ್ಟವರೇ ಇಲ್ಲವಾದರು! ಅದನ್ನು ಕಟ್ಟಿದ ಸ್ಯಾಂಡಿ ಕ್ಲೋಸ್ ಎಂಬಾಕೆ ಸುಮ್ಮನೆ ಕೂರದೆ ಮತ್ತೊಂದು ಸಂಸ್ಥೆ ಕಟ್ಟಿ ಅದೇ ಕೆಲಸ ಮುಂದುವರಿಸಿದಳು. ಆ ಛಲಕ್ಕೆ ನಮ್ಮ ನಮಸ್ಕಾರ. ಆದರೆ ಧಣಿಯ ದಾನದ ಮೇಲೆ ನಿಂತ ಚಪ್ಪರ ಎಷ್ಟು ದಿನದ್ದೆಂಬ ಸಂಗತಿ ಕಣ್ಣೆದುರಿಗಿದೆ.

ನ್ಯೂಯಾರ್ಕಿನವರು ಇನ್ನೊಂದು ದಾರಿ ಹಿಡಿದರು. ನಮ್ಮ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಅಲ್ಲಿದೆ. ನಗರಸಭೆ ಸಾರ್ವಜನಿಕ ಸೂಚನೆಗಳಿಗೆ ವರ್ಷವೂ ಬಹಳ ದುಡ್ಡು ಸುರಿಯುತ್ತದೆ. ಲಸಿಕೆ ಹಾಕಿಸಿರಿ, ಮಕ್ಕಳನ್ನು ಶಾಲೆಗೆ ಸೇರಿಸಿರಿ ಎಂಬ ಬಗೆಯ ಸೂಚನೆಗಳು. ಅದರ ಸಿಂಹಪಾಲು ದೊಡ್ಡ ಇಂಗ್ಲಿಷ್ ಪತ್ರಿಕೆಗಳಿಗೆ ಹೋಗುತ್ತಿತ್ತು. ಸೂಚನೆ ತಲುಪಬೇಕಾದ ಜನ ಓದುತ್ತಿದ್ದದ್ದು ಬೇರೆ ಪತ್ರಿಕೆಗಳನ್ನು. ಪತ್ರಿಕೋದ್ಯಮ ಶಾಲೆಯವರು ನಗರದ ಲೆಕ್ಕಪತ್ರ ತೆಗೆಸಿ ಈ ಅನ್ಯಾಯವನ್ನು ಅಂಕೆಸಂಖ್ಯೆಯೊಡನೆ ತೋರಿಸಿದರು. ಸಣ್ಣ ಪತ್ರಿಕೆಗಳು ಬೆನ್ನುಬಿಡದೆ ಕೇಳಿದವು. 2019ರ ಮೇ ತಿಂಗಳಲ್ಲಿ ಅಲ್ಲಿಯ ಮೇಯರು ಆಜ್ಞೆ ಹೊರಡಿಸಿದ: ಪತ್ರಿಕೆ ಮತ್ತು ಅಂತರಜಾಲದ ಜಾಹೀರಾತಿಗೆ ನಗರದ ಇಲಾಖೆಗಳು ಖರ್ಚು ಮಾಡುವ ಹಣದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಇಂಥ ಸಮುದಾಯದ ಪತ್ರಿಕೆಗಳಿಗೆ ಹೋಗತಕ್ಕದ್ದು. 2021ರಲ್ಲಿ ಇದು ಕಾಯಿದೆಯಾಗಿಯೇ ನಿಂತಿತು. ನೂರು ಶಾಲು ಒಂದು ತಕ್ಕಡಿಯಲ್ಲಿ, ಈ ಒಂದು ಕಾಯಿದೆ ಇನ್ನೊಂದರಲ್ಲಿ ಇಟ್ಟರೆ ಯಾವುದು ತೂಗುವುದೆಂದು ಅಂಗಡಿಕಾರರಿಗೆ ನಾವು ಹೇಳಬೇಕಾಗಿಲ್ಲ. ಶಾಲು ದಾಕ್ಷಿಣ್ಯ, ಇದು ಹಕ್ಕು.

ಇದರಲ್ಲಿಯೂ ಒಂದು ಮುಳ್ಳುಂಟು. ಸರಕಾರದ ಜಾಹೀರಾತಿನ ಮೇಲೆಯೇ ಬದುಕುವ ಪತ್ರಿಕೆ ಸರಕಾರದ ವಿರುದ್ಧ ಬರೆಯುವಾಗ ಲೇಖನಿ ತಡವರಿಸುತ್ತದೆ. ಇದನ್ನು ಕಾಣಲು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ. ನಮ್ಮ ಸುತ್ತಣ ಜಿಲ್ಲೆಗಳಲ್ಲಿಯೂ ಸಂಕ್ರಾಂತಿ ಸಂಚಿಕೆ, ಶುಭಾಶಯದ ಸಂಚಿಕೆ ಬಂದಾಗ ಮಂತ್ರಿಯ ಭಾವಚಿತ್ರ ಎಷ್ಟು ದೊಡ್ಡದಾಗುತ್ತದೆ ಎಂದು ನೋಡಿದರೆ ಸಾಕು. ಆದರೂ ಕಾಯಿದೆಯಿಂದ ಬಂದ ಪಾಲು, ಅಧಿಕಾರಿಯ ಮರ್ಜಿಯಿಂದ ಬಂದ ಪಾಲಿಗಿಂತ ಮೇಲು. ಮರ್ಜಿ ತಪ್ಪಿದರೂ ಕಾಯಿದೆಯ ಪಾಲನ್ನು ನ್ಯಾಯಾಲಯದಲ್ಲಿ ಕೇಳಬಹುದು.

ಇನ್ನೊಂದು ಮುಳ್ಳು ಒಳಗಿನದು. ನಮ್ಮ ಜನಾಂಗದ ಪತ್ರಿಕೆ ಎಂದ ಮಾತ್ರಕ್ಕೆ ಅದು ಬಡವನ ಪತ್ರಿಕೆ ಎಂದು ತಿಳಿಯುವುದು ದೊಡ್ಡ ತಪ್ಪು. ಜನಾಂಗದೊಳಗೂ ಧಣಿ ಇದ್ದಾನೆ, ಆಳು ಇದ್ದಾನೆ. ಹೋಟೆಲಿನ ಯಜಮಾನ ಜಾಹೀರಾತು ಕೊಡುವವನು, ತಟ್ಟೆ ತೊಳೆಯುವವನು ಬರಿಯ ಓದುಗ. ತಟ್ಟೆ ತೊಳೆಯುವವನ ಮೂರು ತಿಂಗಳ ಬಾಕಿ ಕೂಲಿಯ ಸುದ್ದಿ ಯಾವ ಪುಟದಲ್ಲಿ ಬಂದೀತು? ಮುಂಬಯಿಯಲ್ಲಿ ಕನ್ನಡಿಗರು ನಡೆಸಿಕೊಂಡು ಬಂದ ಪತ್ರಿಕೆಗಳೂ ಇದೇ ಜಾತಿಗೆ ಸೇರಿದವು. ಹೋಟೆಲಿನಲ್ಲಿ, ಗಿರಣಿಯಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು ಓದಿ ಬೆಳೆಸಿದವು. ಆ ಪತ್ರಿಕೆಗಳನ್ನು ನಾವು ಗೌರವಿಸುತ್ತೇವೆ. ಈ ಪ್ರಶ್ನೆಯನ್ನು ಅವುಗಳಿಗೂ ಕೇಳುತ್ತೇವೆ.

ಲಾಸ್ ಏಂಜಲೀಸಿನ ಹತ್ತಿರ ‘ಚೈನೀಸ್ ಡೈಲಿ ನ್ಯೂಸ್’ ಎಂಬ ದೊಡ್ಡ ಚೀನೀ ದೈನಿಕವಿದೆ. ಅದರ ಬಾತ್ಮೀದಾರರು ಮೊದಲಾದ ನೌಕರರು 2001ರಲ್ಲಿ ಸಂಘ ಕಟ್ಟಲು ಮತ ಹಾಕಿದರು. ಹೆಚ್ಚುವರಿ ಹೊತ್ತು ದುಡಿಸಿಕೊಂಡು ಕೂಲಿ ಕೊಡಲಿಲ್ಲ, ಊಟದ ಬಿಡುವೂ ಕೊಡಲಿಲ್ಲ ಎಂದು 2004ರಲ್ಲಿ ದಾವೆ ಹೂಡಿದರು. 2007ರಲ್ಲಿ ಜ್ಯೂರಿ ನೌಕರರ ಪರವಾಗಿ ತೀರ್ಪು ಕೊಟ್ಟಿತು. ಮುಂದೆ ವರ್ಷಗಟ್ಟಲೆ ಮೇಲಿನ ನ್ಯಾಯಾಲಯಗಳಲ್ಲಿ ಎಳೆದಾಟ ನಡೆಯಿತು. ಹಗಲೆಲ್ಲ ಬೇರೆಯವರ ಅನ್ಯಾಯದ ಸುದ್ದಿ ಬರೆದು, ರಾತ್ರಿ ತಮ್ಮ ಅನ್ಯಾಯವನ್ನು ಬರೆಯಲು ಪತ್ರಿಕೆಯಲ್ಲಿ ಎರಡು ಅಂಗುಲ ಜಾಗ ಸಿಗದ ಜನ ಅವರು.

ಉತ್ತಮ ತನಿಖೆಗೆ, ಉತ್ತಮ ಛಾಯಾಚಿತ್ರಕ್ಕೆ, ಉತ್ತಮ ಅಗ್ರಲೇಖನಕ್ಕೆ ಬಹುಮಾನವುಂಟು. ಇರಲಿ, ಇರಬೇಕು. ಬಾತ್ಮೀದಾರನಿಗೂ ಅಚ್ಚಿನವನಿಗೂ ಹಂಚುವ ಹುಡುಗನಿಗೂ ತಿಂಗಳ ಕೂಲಿಯನ್ನು ತಿಂಗಳಿಗೇ ಪೂರ್ತಿ ಸಲ್ಲಿಸಿದ ಪತ್ರಿಕೆಗೆ ಬಹುಮಾನ ಇಟ್ಟದ್ದನ್ನು ಮಾತ್ರ ನಾವು ಎಲ್ಲಿಯೂ ಕಾಣಲಿಲ್ಲ. ನ್ಯೂಯಾರ್ಕಿನಲ್ಲಾಗಲಿ, ಮುಂಬಯಿಯಲ್ಲಾಗಲಿ, ನಮ್ಮ ಜಿಲ್ಲೆಯಲ್ಲಾಗಲಿ ಅಂಥದೊಂದನ್ನು ಇಟ್ಟು, ಕಿರ್ದಿ ಪುಸ್ತಕವನ್ನು ಅರ್ಜಿಯ ಜೊತೆಗೇ ಕಳಿಸತಕ್ಕದ್ದು ಎಂದು ಷರತ್ತು ಹಾಕಿದರೆ ಎಷ್ಟು ಅರ್ಜಿ ಬರುತ್ತವೋ ನೋಡಬೇಕು. ನಮ್ಮದು ಈ ವರ್ಷ ಬರಲಾರದು. ಮೊಳೆ ಜೋಡಿಸುವ ಕಾಲದಿಂದ ನಮ್ಮೊಡನಿರುವ ಅಚ್ಚುಕೂಟದವರಿಗೆ ಎರಡು ತಿಂಗಳ ಬಾಕಿ ಇದೆ.